ಮಿದುಳು ಬಾಗಿಲು ತೆರೆಯುವ ಹೊತ್ತು

ಕಮಲನಗರ–ಭಾಲ್ಕಿ ರಸ್ತೆಯಲ್ಲಿ ಬೈಕ್ ಜಾರಿ ತಲೆಗೆ ಪೆಟ್ಟು ಬಿದ್ದವರನ್ನು ಬೀದರಿನ ದೊಡ್ಡ ದವಾಖಾನೆಗೆ ತಂದಾಗ, ಮಿದುಳು ಊದಿಕೊಳ್ಳುತ್ತಿದೆ ಎಂಬ ಅನುಮಾನ ಬಂದರೆ ವೈದ್ಯರು ಮ್ಯಾನಿಟಾಲ್ ಬಾಟಲಿ ಹಚ್ಚುತ್ತಾರೆ. ಸಕ್ಕರೆಯ ಕುಲಕ್ಕೆ ಸೇರಿದ ಒಂದು ವಸ್ತುವಿನ ದ್ರಾವಣ ಅದು. ಚಳಿಗಾಲದಲ್ಲಿ ಬಾಟಲಿಯೊಳಗೇ ಹರಳುಗಟ್ಟುತ್ತದೆ. ನರ್ಸ್‌ಗಳು ಬಿಸಿನೀರಿನಲ್ಲಿಟ್ಟು ಕರಗಿಸಿ, ಆರಿಸಿ ಹಾಕುತ್ತಾರೆ. ತೋಳಿನ ರಕ್ತನಾಳಕ್ಕೆ ಇಳಿದ ಮ್ಯಾನಿಟಾಲ್ ದೇಹವಿಡೀ ಸುತ್ತುತ್ತದೆ, ಮಿದುಳಿನ ಒಳಗೆ ಮಾತ್ರ ಹೋಗುವುದಿಲ್ಲ. ಒಳಗೆ ಹೋಗದೆ ರಕ್ತದಲ್ಲೇ ಉಳಿಯುವುದರಿಂದಲೇ ಊದಿದ ಮಿದುಳಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎಷ್ಟೋ ಜೀವ ಹಾಗೆ ಉಳಿದಿವೆ.

ಇದೇ ಮ್ಯಾನಿಟಾಲನ್ನು ಇನ್ನಷ್ಟು ಗಟ್ಟಿ ಮಾಡಿ, ತೋಳಿನ ಬದಲು ಮಿದುಳಿಗೆ ರಕ್ತ ಒಯ್ಯುವ ಅಪಧಮನಿಗೆ ನೇರವಾಗಿ, ರಭಸದಿಂದ ಬಿಟ್ಟರೆ ನಡೆಯುವುದೇ ಬೇರೆ. ಆ ನಾಳಗಳ ಒಳಮೈಯ ಜೀವಕೋಶಗಳು ನೀರು ಕಳೆದುಕೊಂಡು ಕುಗ್ಗುತ್ತವೆ, ಅವುಗಳ ನಡುವೆ ಸಂದು ಬಿಡುತ್ತದೆ. ಸ್ವಲ್ಪ ಹೊತ್ತು ಮಾತ್ರ ತೆರೆದಿರುವ ಆ ಸಂದಿನಲ್ಲಿ ಕ್ಯಾನ್ಸರ್ ಔಷಧ ಮಿದುಳಿಗೆ ನುಗ್ಗಬಹುದು. ಅಮೆರಿಕದ ಸ್ಟ್ಯಾನ್ಲಿ ರಾಪೊಪೋರ್ಟ್ 1970ರ ದಶಕದ ಆರಂಭದಲ್ಲಿ ಪ್ರಾಣಿಗಳಲ್ಲಿ ಈ ತತ್ವವನ್ನು ತೋರಿಸಿದರು. ಆ ದಶಕದ ಕೊನೆಯ ಹೊತ್ತಿಗೆ ಎಡ್ವರ್ಡ್ ನ್ಯೂವೆಲ್ಟ್ ಅದನ್ನು ರೋಗಿಗಳಲ್ಲಿ ಬಳಸತೊಡಗಿದರು. ಮುಂದೆ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ದಶಕಗಳ ಕಾಲ ಇದೇ ಕೆಲಸ ನಡೆಸಿದರು. ಮಿದುಳಿನ ಬಾಗಿಲನ್ನು ಬೇಕೆಂದೇ ತೆರೆದು, ಔಷಧ ಕಳಿಸಿ, ತಾನಾಗಿ ಮುಚ್ಚಲು ಬಿಡುವ ಪ್ರಯತ್ನ ಶುರುವಾದದ್ದು ಹೀಗೆ.

ಬಾಗಿಲು ಎನ್ನುವ ಈ ರಚನೆ ಇದೆ ಎಂಬುದೇ ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಚ್ ಪ್ರಾಣಿಗಳ ರಕ್ತಕ್ಕೆ ಬಣ್ಣಗಳನ್ನು ಚುಚ್ಚಿ ನೋಡಿದರು. ಉಳಿದ ಅಂಗಗಳೆಲ್ಲ ಬಣ್ಣ ಹಿಡಿದವು, ಮಿದುಳು ಮತ್ತು ಬೆನ್ನುಹುರಿ ಬೆಳ್ಳಗೇ ಉಳಿದವು. ಮಿದುಳಿಗೆ ಬಣ್ಣ ಹಿಡಿಯುವ ಗುಣವೇ ಇಲ್ಲವೇನೋ ಎಂದು ಅವರು ಭಾವಿಸಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಪ್ರಯೋಗವನ್ನು ತಿರುವುಮುರುವು ಮಾಡಿದರು: ಬಣ್ಣವನ್ನು ಮಿದುಳಿನ ಸುತ್ತಲಿನ ದ್ರವಕ್ಕೇ ಬಿಟ್ಟರು. ಈಗ ಮಿದುಳು ನೀಲಿಯಾಯಿತು, ಉಳಿದ ದೇಹ ಬೆಳ್ಳಗೆ ಉಳಿಯಿತು. ಅಂದರೆ ನಡುವೆ ಏನೋ ತಡೆ ಇದೆ, ಅದು ಎರಡೂ ಕಡೆಗೆ ತಡೆಯುತ್ತದೆ.

ಆ ತಡೆ ಎಲ್ಲೋ ಒಂದೆಡೆ ನಿಂತ ಗೋಡೆಯಲ್ಲ. ಮಿದುಳಿನಲ್ಲಿ ಕೂದಲಿಗಿಂತ ತೆಳ್ಳಗಿನ ಲೋಮನಾಳಗಳಿವೆ; ಎಲ್ಲವನ್ನೂ ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ ಎಂಬುದು ವಿಜ್ಞಾನಿಗಳ ಲೆಕ್ಕ. ಅಷ್ಟೂ ಉದ್ದದ ಒಳಮೈಯೇ ತಡೆ. ಬೇರೆ ಅಂಗಗಳ ಲೋಮನಾಳಗಳಲ್ಲಿ ಕೋಶಗಳ ನಡುವೆ ಸಂದುಗಳಿರುತ್ತವೆ, ಅವುಗಳಲ್ಲಿ ಔಷಧ ಸಲೀಸಾಗಿ ಸೋರಿ ಹೊರಬರುತ್ತದೆ. ಮಿದುಳಿನಲ್ಲಿ ಹಾಗಲ್ಲ. ಬೀದರಿನ ಕುಶಲಕರ್ಮಿಗಳು ಬಿದರಿ ಪಾತ್ರೆಯ ಕೊರೆದ ಗೆರೆಗೆ ಬೆಳ್ಳಿ ತಂತಿ ಬಡಿದು ಕೂರಿಸಿದ ಮೇಲೆ ಬೆರಳಾಡಿಸಿದರೂ ಸಂದು ಸಿಗುವುದಿಲ್ಲವಲ್ಲ, ಇಲ್ಲಿ ಕೋಶಕ್ಕೆ ಕೋಶ ಅಷ್ಟು ಬಿಗಿಯಾಗಿ ಕೂಡಿಕೊಂಡಿರುತ್ತದೆ. 1967ರಲ್ಲಿ ರೀಸ್ ಮತ್ತು ಕಾರ್ನೋವ್‌ಸ್ಕಿ ಎಂಬ ಇಬ್ಬರು ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಬಿಗಿ ಬೆಸುಗೆಯನ್ನು ಕಣ್ಣಾರೆ ಕಂಡರು.

ಬೆಸುಗೆ ಒಂದೇ ಅಲ್ಲ, ಕೋಶಗಳ ಮೈಮೇಲೆ ಪಂಪುಗಳೂ ಇವೆ. ಹೇಗೋ ಒಳಗೆ ನುಸುಳಿದ ಪರಕೀಯ ವಸ್ತುವನ್ನು ಅವು ಮತ್ತೆ ರಕ್ತಕ್ಕೆ ದಬ್ಬುತ್ತವೆ. ಭೇದಿ ನಿಲ್ಲಿಸಲು ನುಂಗುವ ಲೋಪೆರಮೈಡ್ ಗುಳಿಗೆ ನಿಜಕ್ಕೂ ಅಫೀಮಿನ ಬಳಗದ ಔಷಧ. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡವರಿಗೆ ಅದು ಅಮಲೇರಿಸದಿರುವುದು ಈ ಪಂಪುಗಳ ಕೃಪೆ. ಇಷ್ಟೆಲ್ಲ ಕಾವಲಿನಿಂದಾಗಿ ಸಣ್ಣ ಅಣುಗಳ ಔಷಧಗಳಲ್ಲಿ ನೂರಕ್ಕೆ 98ರಷ್ಟು ಮಿದುಳು ತಲುಪುವುದಿಲ್ಲ ಎಂಬ ಅಂದಾಜು ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆಂಟಿಬಾಡಿಯಂಥ ದೊಡ್ಡ ಅಣುಗಳ ಪಾಡು ಇನ್ನೂ ಕಷ್ಟ: ರಕ್ತದಲ್ಲಿರುವುದರ ಸಾವಿರದಲ್ಲೊಂದು ಪಾಲಿನಷ್ಟು ಮಿದುಳಿಗೆ ದಕ್ಕಿದರೆ ಹೆಚ್ಚು.

ಈ ಕಾವಲಿನ ಪರಿಣಾಮವನ್ನು ಔರಾದ್, ಭಾಲ್ಕಿ ಕಡೆಯವರು ಹೆಸರು ಗೊತ್ತಿಲ್ಲದೆಯೇ ಕಂಡಿದ್ದಾರೆ. ತೊಗರಿ, ಸೋಯಾ ಹೊಲಕ್ಕೆ ಹೊಡೆಯುವ ಕೀಟನಾಶಕ ಮೈಗೇರಿದವರನ್ನೋ, ಬೇಸತ್ತು ಆ ಎಣ್ಣೆ ಕುಡಿದವರನ್ನೋ ದವಾಖಾನೆಗೆ ತಂದರೆ ಸಾಮಾನ್ಯವಾಗಿ ಎರಡು ಔಷಧ ಕೊಡುತ್ತಾರೆ. ಒಂದು ಅಟ್ರೋಪಿನ್. ಅದು ಮಿದುಳಿಗೂ ಹೋಗುತ್ತದೆ, ಹಾಗಾಗಿ ಪ್ರಮಾಣ ಹೆಚ್ಚಾದಾಗ ರೋಗಿ ಬಡಬಡಿಸುತ್ತಾನೆ, ಬಟ್ಟೆ ಕಿತ್ತುಕೊಳ್ಳುತ್ತಾನೆ, ಇಲ್ಲದವರನ್ನು ಕಂಡು ಮಾತಾಡಿಸುತ್ತಾನೆ. ಮನೆಯವರು ಹೆದರಿ ಅಳುತ್ತಾರೆ. ಇನ್ನೊಂದು ಪ್ರಾಲಿಡಾಕ್ಸಿಮ್, ವಾರ್ಡಿನವರ ಬಾಯಲ್ಲಿ ‘ಪಾಮ್’. ವಿಷ ಕಟ್ಟಿಹಾಕಿದ ಕಿಣ್ವವನ್ನು ಬಿಡಿಸುವುದು ಅದರ ಕೆಲಸ. ಆದರೆ ಅದರ ಅಣುವಿಗೆ ವಿದ್ಯುದಂಶವಿದೆ, ಮಿದುಳಿನ ತಡೆಯನ್ನು ದಾಟುವುದು ಬಹಳ ಕಡಿಮೆ. ವಿಷ ಮಾತ್ರ ಕೊಬ್ಬಿನಲ್ಲಿ ಕರಗುವ ಜಾತಿಯದು, ಸರಾಗವಾಗಿ ಮಿದುಳು ಹೊಕ್ಕಿರುತ್ತದೆ. ಕಳ್ಳ ಒಳಗಿದ್ದಾನೆ, ಪೊಲೀಸರು ಹೊರಗಿದ್ದಾರೆ.

ನಾಗರಹಾವು ಕಚ್ಚಿದವರಲ್ಲಿ ಇದೇ ತಡೆ ಕಾಪಾಡುವ ಕೆಲಸ ಮಾಡುತ್ತದೆ. ನರವನ್ನು ಹಿಡಿಯುವ ಆ ವಿಷ ಮಿದುಳಿನೊಳಗೆ ಹೋಗದು. ನರ ಮತ್ತು ಸ್ನಾಯು ಕೂಡುವ ಜಾಗವನ್ನು ಕೆಡಿಸುತ್ತದೆ. ರೆಪ್ಪೆ ಜೋತುಬಿದ್ದು, ಉಸಿರು ನಿಂತು, ಕೃತಕ ಉಸಿರಾಟದ ಯಂತ್ರದಲ್ಲಿ ಮಲಗಿದ ರೋಗಿ ಸತ್ತಂತೆ ಕಂಡರೂ ಸುತ್ತಲಿನ ಮಾತು ಅವನಿಗೆ ಕೇಳಿಸುತ್ತಿರಬಹುದು. ಹಾಸಿಗೆಯ ಪಕ್ಕ ನಿಂತು ಏನಾದರೂ ಆಡುವ ಮೊದಲು ಬಂಧುಗಳು ಇದನ್ನು ನೆನಪಿಡಬೇಕು.

ತಡೆಯನ್ನು ಒಡೆಯದೆ ದಾಟುವ ಉಪಾಯಗಳಲ್ಲಿ ಎಲ್ಲಕ್ಕಿಂತ ಯಶಸ್ವಿಯಾದದ್ದು ಕಂಪವಾತದ ಗುಳಿಗೆ. ಕಂಪವಾತದಲ್ಲಿ ಮಿದುಳಿಗೆ ಡೋಪಮಿನ್ ಕೊರತೆಯಾಗಿರುತ್ತದೆ. ಡೋಪಮಿನ್ನನ್ನೇ ಕೊಟ್ಟರೆ ಅದು ಒಳಗೆ ಹೋಗುವುದಿಲ್ಲ. ಅದರ ಹಿಂದಿನ ರೂಪವಾದ ಲೆವೊಡೋಪಾ ಹೋಗುತ್ತದೆ, ಏಕೆಂದರೆ ಅದು ಅಮೈನೋ ಆಮ್ಲ. ಆಹಾರದ ಪ್ರೋಟೀನಿನಿಂದ ಬರುವ ಅಮೈನೋ ಆಮ್ಲಗಳನ್ನು ಒಳಗೆ ಒಯ್ಯುವ ವಾಹಕವೇ ಇದನ್ನೂ ಒಯ್ಯುತ್ತದೆ. ನಮ್ಮ ಬೇಲಿಗಳಲ್ಲಿ ಹಬ್ಬಿ ಮುಟ್ಟಿದವರಿಗೆ ತುರಿಕೆ ಹಚ್ಚುವ ನಸುಗುನ್ನಿಯ ಬೀಜದಲ್ಲಿ ಈ ಲೆವೊಡೋಪಾ ಇದೆ. ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಅದನ್ನು ಬೀಜದಿಂದ ಬೇರ್ಪಡಿಸಿ 1937ರಲ್ಲೇ ಪ್ರಕಟಿಸಿದ್ದರು.

ವಾಹಕ ಒಂದೇ ಆದುದರಿಂದ ಒಂದು ತೊಡಕಿದೆ. ತೊಗರಿ ಬೇಳೆ, ಮೊಟ್ಟೆ, ಮಾಂಸದ ಊಟ ಹೊಟ್ಟೆ ತುಂಬ ಆದ ಮೇಲೆ ಗುಳಿಗೆ ನುಂಗಿದರೆ ಊಟದ ಅಮೈನೋ ಆಮ್ಲಗಳು ಜಾಗ ಹಿಡಿದುಕೊಂಡು ಔಷಧವನ್ನು ಹಿಂದೆ ಹಾಕುತ್ತವೆ. ‘ಗುಳಿಗೆ ತಗೊಂಡ್ರೂ ಕೈ ನಡುಗೋದು ನಿಂತಿಲ್ಲ’ ಎನ್ನುವ ಹಿರಿಯರು ಊಟಕ್ಕೆ ಅರ್ಧ ಗಂಟೆ ಮೊದಲೋ, ಊಟವಾಗಿ ಸಾಕಷ್ಟು ಹೊತ್ತಿನ ನಂತರವೋ ತೆಗೆದುಕೊಳ್ಳುವ ಬಗ್ಗೆ ತಮ್ಮ ವೈದ್ಯರನ್ನು ಕೇಳಬೇಕು. ತೊಗರಿಯ ಸೀಮೆಯಲ್ಲಿ ಈ ಮಾತು ಮನೆಮನೆಗೆ ಗೊತ್ತಿರಬೇಕಿತ್ತು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇನ್ನೊಂದು ದಾರಿ ಹುಡುಕಿದವರಿದ್ದಾರೆ. ಎಂ. ಈಶ್ವರಮೂರ್ತಿ ಅವರ ತಂಡ ಗ್ಲೂಕೋಸಿನಿಂದ ಅತಿ ಸಣ್ಣ ಇಂಗಾಲದ ಗೋಲಿಗಳನ್ನು ತಯಾರಿಸಿತು. ತಪಸ್ ಕುಮಾರ್ ಕುಂಡು ಅವರ ತಂಡ ಅವುಗಳಿಗೆ ಒಂದು ಔಷಧಾಣುವನ್ನು ಅಂಟಿಸಿ ಇಲಿಗಳಿಗೆ ಚುಚ್ಚಿತು. ಗೋಲಿ ತಡೆ ದಾಟಿ ಮಿದುಳು ಸೇರಿತು. ಇಲಿಗಳ ನೆನಪು ಹೆಚ್ಚು ಕಾಲ ಉಳಿಯಿತು ಎಂದು ಫ್ರಾನ್ಸಿನ ಸಂಶೋಧಕರ ಜೊತೆಗೂಡಿ 2013ರಲ್ಲಿ ವರದಿ ಮಾಡಿದರು. ಅದೇ ಸಂಸ್ಥೆಯ ಟಿ. ಗೋವಿಂದರಾಜು ಅವರ ಗುಂಪು ಆಲ್‌ಝೈಮರ್ ಕಾಯಿಲೆಗೆಂದು ರೂಪಿಸಿದ ಟಿಜಿಆರ್63 ಎಂಬ ಅಣುವೂ ಇಲಿಗಳಲ್ಲಿ ತಡೆ ದಾಟಿ ಮಿದುಳಿನ ಅಮಿಲಾಯ್ಡ್ ಗಂಟುಗಳನ್ನು ತಗ್ಗಿಸಿದೆ. ಇಲಿಯಿಂದ ಮನುಷ್ಯನವರೆಗಿನ ದಾರಿ ದೂರ. ಆದರೂ ಈ ಹುಡುಕಾಟ ಕನ್ನಡ ನೆಲದಲ್ಲೇ ನಡೆದಿದೆ ಎಂಬುದನ್ನು ಶಾಲೆಯ ಮಕ್ಕಳಿಗೆ ಹೇಳಬೇಕು.

ತಡೆಯನ್ನು ಬಳಸಿ ಹೋಗುವುದು ಮೂರನೆಯ ಬಗೆ. ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬೆನ್ನಿನ ಕೆಳಭಾಗದಲ್ಲಿ ಸೂಜಿ ಚುಚ್ಚಿ ಮೆಥೊಟ್ರೆಕ್ಸೇಟ್ ಕೊಡುವುದು ಇದಕ್ಕಾಗಿಯೇ. ರಕ್ತದಲ್ಲಿದ್ದ ಕ್ಯಾನ್ಸರ್ ಕೋಶಗಳು ಸತ್ತರೂ ಕೆಲವು ತಡೆಯ ಆಚೆಗೆ ಅಡಗಿ ಕುಳಿತು, ತಿಂಗಳುಗಳ ನಂತರ ಮರಳಿ ಬರಬಹುದು. ಬೆನ್ನಿಗೆ ಚುಚ್ಚುತ್ತಾರೆಂದು ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವ ತಂದೆತಾಯಂದಿರಿಗೆ ಈ ಕಾರಣವನ್ನು ಯಾರಾದರೂ ಕೂರಿಸಿ ವಿವರಿಸಬೇಕು.

ಈ ತಡೆಗೆ ಹೆಸರಿಟ್ಟ ಲೀನಾ ಸ್ಟರ್ನ್ ಅವರೂ ಬಳಸುದಾರಿ ಹಿಡಿದವರೇ. 1878ರಲ್ಲಿ ಹುಟ್ಟಿದ ಅವರು ಜಿನೀವಾ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕಿ. 1921ರಲ್ಲಿ ರಕ್ತ–ಮಿದುಳು ತಡೆ ಎಂಬ ಹೆಸರನ್ನು ಬಳಕೆಗೆ ತಂದರು, 1925ರಲ್ಲಿ ಮಾಸ್ಕೋಗೆ ಹೋದರು. ಕ್ಷಯ ಮಿದುಳಿನ ಪೊರೆಗೆ ಹಬ್ಬಿದ ಮಕ್ಕಳು ಆ ಕಾಲದಲ್ಲಿ ಬದುಕುತ್ತಿರಲಿಲ್ಲ. ರಕ್ತಕ್ಕೆ ಕೊಟ್ಟ ಸ್ಟ್ರೆಪ್ಟೊಮೈಸಿನ್ ಮಿದುಳು ಮುಟ್ಟುವುದಿಲ್ಲವೆಂದು ಸ್ಟರ್ನ್ ಅದನ್ನು ಮಿದುಳು ದ್ರವಕ್ಕೇ ನೇರವಾಗಿ ಕೊಡಿಸಿ ಮಕ್ಕಳನ್ನು ಉಳಿಸಿದರು. 1949ರಲ್ಲಿ ಸ್ಟಾಲಿನ್ ಸರ್ಕಾರ ಅವರನ್ನು ಬಂಧಿಸಿತು. 1952ರ ವಿಚಾರಣೆಯ ಕೊನೆಗೆ ಜೊತೆಯ 13 ಆರೋಪಿಗಳನ್ನು ಗುಂಡಿಟ್ಟು ಕೊಂದರು, ಇವರನ್ನು ಗಡೀಪಾರು ಮಾಡಿದರು. ಸ್ಟಾಲಿನ್ ಸತ್ತ ಮೇಲೆ ಮಾಸ್ಕೋಗೆ ಮರಳಿದ ಅವರು 1968ರವರೆಗೆ ಬದುಕಿದ್ದರು.

ಬಳಸುದಾರಿಗಳು ಸಾಲದ ಕಾಯಿಲೆಯೆಂದರೆ ಗ್ಲಯೋಬ್ಲಾಸ್ಟೋಮಾ, ಮಿದುಳಿನ ಗಡ್ಡೆಗಳಲ್ಲೇ ಅತಿ ಕ್ರೂರವಾದದ್ದು. ಶಸ್ತ್ರಚಿಕಿತ್ಸೆಯಲ್ಲಿ ಕಾಣುವ ಗಡ್ಡೆಯನ್ನೆಲ್ಲ ತೆಗೆದರೂ ಬೇರುಗಳು ಸುತ್ತಲಿನ ಒಳ್ಳೆಯ ಮಿದುಳಿಗೆ ಇಳಿದಿರುತ್ತವೆ. ಗಡ್ಡೆಯ ನಡುಭಾಗದಲ್ಲಿ ತಡೆ ತಾನೇ ಹರಿದಿರುತ್ತದೆ, ಅಲ್ಲಿಗೆ ಔಷಧ ಹೋಗುತ್ತದೆ. ಬೇರುಗಳಿರುವ ಅಂಚಿನಲ್ಲಿ ತಡೆ ಗಟ್ಟಿಯಾಗಿಯೇ ಇರುತ್ತದೆ, ಅಲ್ಲಿಗೇ ಹೋಗದು. ಬಹುಪಾಲು ರೋಗಿಗಳಲ್ಲಿ ಗಡ್ಡೆ ಮತ್ತೆ ಬೆಳೆಯುವುದು ಮೊದಲಿದ್ದ ಜಾಗದ ಅಂಚಿನಲ್ಲೇ. ಈಗಿನ ಮುಖ್ಯ ಔಷಧವಾದ ಟೆಮೊಜೊಲೊಮೈಡ್ ಅಣು ಸಣ್ಣದು, ಸ್ವಲ್ಪ ಮಟ್ಟಿಗೆ ದಾಟುತ್ತದೆ. ವಿಕಿರಣದ ಜೊತೆ ಅದನ್ನು ಕೊಟ್ಟಾಗ ರೋಗಿಗಳ ಮಧ್ಯಾಂಕ ಆಯುಷ್ಯ 12.1 ತಿಂಗಳಿನಿಂದ 14.6 ತಿಂಗಳಿಗೆ ಏರಿತು ಎಂದು 2005ರ ದೊಡ್ಡ ಪ್ರಯೋಗ ತೋರಿಸಿತು. ಎರಡೂವರೆ ತಿಂಗಳು. ಪ್ರಯೋಗಶಾಲೆಯ ತಟ್ಟೆಯಲ್ಲಿ ಇದೇ ಕ್ಯಾನ್ಸರನ್ನು ಇನ್ನೂ ಚೆನ್ನಾಗಿ ಕೊಲ್ಲುವ ಔಷಧಗಳು ಬೇಕಾದಷ್ಟಿವೆ. ಅವು ಅಂಚನ್ನು ತಲುಪುವುದಿಲ್ಲ, ಅಷ್ಟೇ.

ಆದ್ದರಿಂದ ಬಾಗಿಲು ತೆರೆಯುವ ಮಾತು. ಮ್ಯಾನಿಟಾಲ್ ವಿಧಾನಕ್ಕೆ ಪೂರ್ಣ ಅರಿವಳಿಕೆ ಬೇಕು, ತೊಡೆಸಂದಿಯಿಂದ ಕತ್ತಿನವರೆಗೆ ಸಪೂರ ನಳಿಕೆ ತೂರಿಸಬೇಕು. ಮೇಲಾಗಿ ಅದು ಆ ಅಪಧಮನಿ ರಕ್ತ ಕೊಡುವ ಪ್ರದೇಶವನ್ನೆಲ್ಲ ಒಟ್ಟಿಗೆ ತೆರೆಯುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಬೇಕಾದ ಜಾಗವನ್ನಷ್ಟೇ ತೆರೆಯಲು ಬರುವುದಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಶಬ್ದದಲ್ಲಿ.

2001ರಲ್ಲಿ ಕುಲ್ಲೆರ್ವೊ ಹ್ಯುನಿನೆನ್ ಮತ್ತು ಸಂಗಡಿಗರು ಮೊಲಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ರಕ್ತಕ್ಕೆ ಮೊದಲು ಅತಿ ಸಣ್ಣ ಅನಿಲದ ಗುಳ್ಳೆಗಳನ್ನು ಬಿಡುತ್ತಾರೆ. ಹೃದಯದ ಸ್ಕ್ಯಾನ್ ಸ್ಪಷ್ಟವಾಗಿ ಕಾಣಲೆಂದು ವೈದ್ಯರು ಮೊದಲಿನಿಂದಲೂ ಬಳಸುವ ಗುಳ್ಳೆಗಳೇ ಇವು. ಆಮೇಲೆ ಮಿದುಳಿನ ಒಂದು ಬಿಂದುವಿಗೆ ಅಲ್ಟ್ರಾಸೌಂಡ್ ಅಲೆಗಳನ್ನು ಗುರಿಯಿಡುತ್ತಾರೆ. ಅಲೆಯ ಒತ್ತಡ ಏರಿಳಿದಂತೆ ಅಲ್ಲಿ ಹಾದುಹೋಗುವ ಗುಳ್ಳೆಗಳು ಹಿಗ್ಗಿ ಕುಗ್ಗುತ್ತ ಲೋಮನಾಳದ ಒಳಮೈಯನ್ನು ಮೆಲ್ಲಗೆ ತಳ್ಳುತ್ತವೆ, ಎಳೆಯುತ್ತವೆ. ಬಿಗಿ ಬೆಸುಗೆ ಸಡಿಲವಾಗುತ್ತದೆ. ಗುಳ್ಳೆ ಇಲ್ಲದೆ ಬರಿಯ ಶಬ್ದದಿಂದ ಇದನ್ನು ಮಾಡಹೊರಟರೆ ಮಿದುಳನ್ನು ಸುಡುವಷ್ಟು ಶಕ್ತಿ ಬೇಕಾಗುತ್ತಿತ್ತು. ಗುಳ್ಳೆಗಳಿಂದಾಗಿ ಅದರ ಚಿಕ್ಕ ಪಾಲು ಸಾಕು.

ಕೆನಡಾದ ಟೊರಾಂಟೊ ನಗರದ ಸನ್ನಿಬ್ರುಕ್ ಆಸ್ಪತ್ರೆಯಲ್ಲಿ 2015ರ ನವೆಂಬರ್‌ನಲ್ಲಿ, ತಲೆಬುರುಡೆಯನ್ನು ತೆರೆಯದೆ, ಮಿದುಳು ಗಡ್ಡೆಯಿದ್ದ ರೋಗಿಯೊಬ್ಬರಲ್ಲಿ ಈ ವಿಧಾನವನ್ನು ಮೊದಲ ಬಾರಿಗೆ ಬಳಸಿದರು. ತಲೆ ಬೋಳಿಸಿ, 1,024 ಅಲ್ಟ್ರಾಸೌಂಡ್ ಬಿಲ್ಲೆಗಳಿರುವ ಶಿರಸ್ತ್ರಾಣ ತೊಡಿಸಿ, ಎಂಆರ್‌ಐ ಯಂತ್ರದೊಳಗೆ ಮಲಗಿಸುತ್ತಾರೆ. ಬಾಗಿಲು ತೆರೆದದ್ದು ಗೊತ್ತಾಗುವುದು ಹೇಗೆ? ಎಂಆರ್‌ಐಗೆ ಕೊಡುವ ಗ್ಯಾಡೋಲಿನಿಯಮ್ ಎಂಬ ಔಷಧ ಸಾಮಾನ್ಯವಾಗಿ ಮಿದುಳಿಗೆ ಇಳಿಯುವುದಿಲ್ಲ. ಗುರಿಯಿಟ್ಟ ಜಾಗದಲ್ಲಿ ಅದು ಇಳಿದು ಚಿತ್ರದಲ್ಲಿ ಬಿಳಿಯ ಚುಕ್ಕೆಗಳಾಗಿ ಕಾಣುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ತಡೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಪ್ಯಾರಿಸ್ಸಿನ ಅಲೆಕ್ಸಾಂಡರ್ ಕಾರ್ಪೆಂತಿಯೇ ಬೇರೆ ಹಾದಿ ಹಿಡಿದರು. ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ತಲೆಬುರುಡೆಯಲ್ಲಿ ಸಣ್ಣ ಅಲ್ಟ್ರಾಸೌಂಡ್ ಸಾಧನ ಕೂರಿಸಿಬಿಡುವುದು, ಪ್ರತಿ ಸಲ ಔಷಧ ಕೊಡುವಾಗ ಕೆಲವು ನಿಮಿಷ ಅದನ್ನು ಚಾಲೂ ಮಾಡುವುದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆಡಮ್ ಸೊನಬೆಂಡ್ ಅವರ ತಂಡ ಇದನ್ನು 17 ರೋಗಿಗಳಲ್ಲಿ ಬಳಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಪ್ಯಾಕ್ಲಿಟಾಕ್ಸೆಲ್ ಎಂಬ ಪ್ರಬಲ ಔಷಧದ ಪ್ರಮಾಣ ಮಿದುಳಿನಲ್ಲಿ ಸುಮಾರು 3.7 ಪಟ್ಟು, ಕಾರ್ಬೊಪ್ಲಾಟಿನ್ ಪ್ರಮಾಣ 5.9 ಪಟ್ಟು ಏರಿತ್ತು. ಇನ್ನೊಂದು ಸಂಗತಿಯೂ ಗೊತ್ತಾಯಿತು: ತೆರೆದ ಬಾಗಿಲಿನ ಬಹುಪಾಲು ಒಂದು ಗಂಟೆಯೊಳಗೇ ಮುಚ್ಚುತ್ತದೆ. ಹಾಗಾದರೆ ಅಲ್ಟ್ರಾಸೌಂಡ್ ಮುಗಿದ ಕೂಡಲೇ ಔಷಧ ರಕ್ತದಲ್ಲಿ ಹರಿಯುತ್ತಿರಬೇಕು, ತಡವಾದರೆ ಮಾಡಿದ ಕೆಲಸ ವ್ಯರ್ಥ.

ಮರೆವಿನ ಕಾಯಿಲೆಗೂ ಇದು ತಲುಪಿದೆ. ವೆಸ್ಟ್ ವರ್ಜೀನಿಯಾದ ಅಲಿ ರೆಜಾಯಿ ಅವರ ತಂಡ ಆಲ್‌ಝೈಮರ್ ಇದ್ದ ಮೂವರಿಗೆ ಆರು ತಿಂಗಳು ಅಡುಕನುಮಾಬ್ ಎಂಬ ಆಂಟಿಬಾಡಿ ಕೊಟ್ಟು, ಮಿದುಳಿನ ಒಂದು ಭಾಗದಲ್ಲಷ್ಟೇ ಬಾಗಿಲು ತೆರೆಯಿತು. ತೆರೆದ ಭಾಗದಲ್ಲಿ ಅಮಿಲಾಯ್ಡ್ ಸರಾಸರಿ ಶೇಕಡಾ 32ರಷ್ಟು ಹೆಚ್ಚು ಕರಗಿತ್ತು ಎಂದು 2024ರ ಜನವರಿಯಲ್ಲಿ ವರದಿಯಾಯಿತು. ಮೂವರೇ ಮೂವರು ಎಂಬುದನ್ನು ಮರೆಯಬಾರದು, ಅಮಿಲಾಯ್ಡ್ ಕರಗಿದ ಮಾತ್ರಕ್ಕೆ ನೆನಪು ಮರಳುವುದಿಲ್ಲ ಎಂಬುದನ್ನೂ. ಆ ಔಷಧವನ್ನು ತಯಾರಿಸಿದ ಕಂಪನಿ ಅದೇ ವರ್ಷ ಅದನ್ನು ಕೈಬಿಟ್ಟಿತು.

ಬಾಗಿಲು ತೆರೆಯುವುದೂ ಮುಚ್ಚುವುದೂ ಈಗ ಸಾಧ್ಯ ಎಂಬುದು ರುಜುವಾತಾಗಿದೆ. ತೆರೆದಾಗ ಔಷಧದ ಜೊತೆ ಬರಬಾರದ್ದೂ ಒಳಬರಬಹುದು, ಮಿದುಳು ಊದಿಕೊಳ್ಳಬಹುದು, ಸಣ್ಣ ರಕ್ತಸ್ರಾವವಾಗಬಹುದು. ಆದ್ದರಿಂದ ಪ್ರತಿ ಸಲವೂ ಕಣ್ಣಿಟ್ಟು ಕಾಯಬೇಕು. ಇದರಿಂದ ರೋಗಿ ಹೆಚ್ಚು ಕಾಲ ಬದುಕುತ್ತಾನೆಯೇ ಎಂಬುದನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡುವ ದೊಡ್ಡ ಪ್ರಯೋಗಗಳೇ ಹೇಳಬೇಕು. ಊರ ಸ್ಕ್ಯಾನಿಂಗ್ ಸೆಂಟರಿನ ಯಂತ್ರದಿಂದ ಇದು ಆಗುವುದಿಲ್ಲ. ಮಿದುಳು ಗಡ್ಡೆಯ ರೋಗಿಗೆ ಇವತ್ತು ದಾರಿ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಗುಳಿಗೆಯದೇ. ಬಾಗಿಲು ತೆರೆಸುತ್ತೇವೆ ಎಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಹೊಲ ಮಾರುವ ಮುನ್ನ ನಿಮ್ಹಾನ್ಸ್ ಅಥವಾ ಕಿದ್ವಾಯಿಯ ವೈದ್ಯರ ಅಭಿಪ್ರಾಯ ಪಡೆಯಬೇಕು. ಕಲಬುರಗಿಯಲ್ಲೇ ಕಿದ್ವಾಯಿಯ ಘಟಕವಿದೆ, ಬೀದರ್ ಜಿಲ್ಲೆಯವರಿಗೆ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ಈ ಬಾಗಿಲು ಮುಚ್ಚಿರುವುದೂ ಸಾವಿಗೆ ಒಂದು ಕಾರಣವಾಗುವ ಕಾಯಿಲೆಯೊಂದು ನಮ್ಮ ಊರುಗಳಲ್ಲೇ ಇದೆ: ರೇಬಿಸ್. ಹುಚ್ಚುನಾಯಿ ಕಚ್ಚಿದಾಗ ವೈರಸ್ ರಕ್ತದ ದಾರಿ ಹಿಡಿಯುವುದಿಲ್ಲ, ನರದ ಗುಂಟ ತೆವಳಿ ಮಿದುಳು ಸೇರುತ್ತದೆ. ಕಾವಲಿರುವ ಬಾಗಿಲನ್ನು ಅದು ಮುಟ್ಟುವುದೇ ಇಲ್ಲ. ಆದರೆ ಅದನ್ನು ಕೊಲ್ಲಬಲ್ಲ ಆಂಟಿಬಾಡಿ ಮತ್ತು ಬಿಳಿ ರಕ್ತಕಣಗಳು ರಕ್ತದಿಂದಲೇ ಬರಬೇಕು, ಅವುಗಳಿಗೆ ಬಾಗಿಲು ತೆರೆಯುವುದಿಲ್ಲ. ಫಿಲಡೆಲ್ಫಿಯಾದ ಕ್ರೇಗ್ ಹೂಪರ್ ಅವರ ಪ್ರಯೋಗಶಾಲೆ ರೇಬಿಸ್ ಸೋಂಕಿದ ಇಲಿಗಳಲ್ಲಿ ತಡೆಯನ್ನು ತೆರೆದಾಗ ಸಾಯಬೇಕಿದ್ದ ಇಲಿಗಳು ಬದುಕಿದವು ಎಂದು 2007ರಲ್ಲಿ ತೋರಿಸಿತು. ಮನುಷ್ಯರಿಗೆ ಅಂಥ ಚಿಕಿತ್ಸೆ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ನರವೈರಾಣು ವಿಭಾಗ ರೇಬಿಸ್ ಕುರಿತು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬಿಸ್ಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದೆ. ನೀರು ಕಂಡು ಬೆಚ್ಚುವ ಹಂತ ಬಂದ ಮೇಲೆ ಈ ಯಾವುದೂ ರೋಗಿಯನ್ನು ಉಳಿಸದು.

ಲಸಿಕೆ ಕೆಲಸ ಮಾಡುವುದು ವೈರಸ್ ಇನ್ನೂ ದಾರಿಯಲ್ಲಿರುವಾಗ ಮಾತ್ರ. ನಾಯಿ ಕಚ್ಚಿದರೆ, ಹಲ್ಲು ತಾಗಿ ಬರಿಯ ಗೀರಾದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಖಾರ, ಸುಣ್ಣ, ಅರಿಶಿನ ಮೆತ್ತಬೇಡಿ. ಅದೇ ದಿನ ಹತ್ತಿರದ ಸರ್ಕಾರಿ ದವಾಖಾನೆಗೆ ಹೋಗಿ ಮೊದಲ ಸೂಜಿ ಹಾಕಿಸಿಕೊಳ್ಳಿ. ರಕ್ತ ಬಂದಿದ್ದರೆ ಗಾಯದೊಳಗೆ ಇಮ್ಯುನೊಗ್ಲಾಬುಲಿನ್ ಹಾಕಲು ಕೇಳಿ, ಅಲ್ಲಿ ಸಿಗದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಗಾಯ ಮಾಯಿತೆಂದು ಉಳಿದ ಸೂಜಿಗಳನ್ನು ತಪ್ಪಿಸಬೇಡಿ.